ಬಿಲ್ಲು ಹಿಡಿದವರ ಪಕ್ಷ

ನನಗೊಂದು ದುರಭ್ಯಾಸವಿದೆ. ಯಾವ ಸಿನಿಮಾ ನೋಡಿದರೂ ಮುಗಿಯಲು ಹತ್ತು ನಿಮಿಷ ಇರುವಾಗ ಎದ್ದುಬಿಡುತ್ತೇನೆ. ಥಿಯೇಟರಿನಲ್ಲಾದರೆ ಕಾರ್ ಪಾರ್ಕಿಂಗಿನ ನೆಪ, ಮನೆಯಲ್ಲಾದರೆ ಕಾಫಿಯ ನೆಪ. ಮದುವೆಯಾದ ಹೊಸದರಲ್ಲಿ ನನ್ನವಳು ಇದನ್ನು ರಸಿಕತೆಯ ಕೊರತೆ ಎಂದುಕೊಂಡಿದ್ದಳು. ಈಗ ಕಾಯಿಲೆ ಎಂದು ತೀರ್ಮಾನಿಸಿದ್ದಾಳೆ. ಆಸ್ಟ್ರೇಲಿಯಾದ ಪರ್ತಿನ ಸದರ್ನ್ ರಿವರ್‌ನ ನಮ್ಮ ಮನೆಯಲ್ಲಿ ಒಂದು ಶನಿವಾರ ಹೀಗೇ ಎದ್ದು ಅಡುಗೆಮನೆಗೆ ಹೋದಾಗ ಹದಿಮೂರು ವರ್ಷದ ಮಗಳು ಇಳಾ ಟಿವಿ ನಿಲ್ಲಿಸಿ, “ಡ್ಯಾಡ್, ವೈ ಡು ಯು ಆಲ್ವೇಸ್ ಡೂ ದಿಸ್?” ಎಂದಳು. ಹಾಲು ಉಕ್ಕುವವರೆಗೂ ನಿಂತು ಯೋಚಿಸಿದೆ. ಇದಕ್ಕೆಲ್ಲ ಕಾರಣ ನಮ್ಮ ಅಚ್ಚು ಮಾವ ಎಂದು ಆಗ ಹೊಳೆಯಿತು.

ಅಚ್ಚು ಮಾವ ಎಂದರೆ ಅಚ್ಯುತರಾವ್, ನಮ್ಮಮ್ಮನ ತಮ್ಮ. ನನಗೆ ಒಂಬತ್ತು ವರ್ಷವಾಗಿದ್ದಾಗ ನಾವು ಮೈಸೂರಿನಿಂದ ದೂರ, ಕಾಡಿನ ಅಂಚಿನಲ್ಲಿ ಕಟ್ಟುತ್ತಿದ್ದ ಒಂದು ಅಣೆಕಟ್ಟಿನ ಕಾಲೋನಿಯಲ್ಲಿದ್ದೆವು. ಅಪ್ಪ ಅಲ್ಲಿ ಸರ್ವೆ ಕೆಲಸದಲ್ಲಿದ್ದರು. ಮಾವ ಕಾಲೋನಿಯ ಸ್ಕೂಲಿನಲ್ಲಿ ಮೇಷ್ಟ್ರು. ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲೇ ಇದ್ದು, ಅಮ್ಮ ಬೈದಾಗ ಮಾತ್ರ ಸ್ನಾನ ಮಾಡುತ್ತಿದ್ದರು. ಕಾಲೋನಿಯ ಕ್ಲಬ್ಬಿನಲ್ಲಿ ಯಾರೋ ಹಿಂದಿನ ಸಾಹೇಬರು ಬಿಟ್ಟುಹೋದ ಒಂದು ಪ್ರೊಜೆಕ್ಟರ್ ಇತ್ತು, ಜೊತೆಗೆ ನಾಲ್ಕೈದು ಡಬ್ಬಿ ರೀಲು. ಎಲ್ಲವೂ ಮೂಕಿ ಚಿತ್ರಗಳು, ಎಲ್ಲವೂ ಅಮೆರಿಕದ ಕುದುರೆಯವರ ಕಥೆಗಳು. ಪ್ರತಿ ಶನಿವಾರ ಸಂಜೆ ಜನರೇಟರ್ ಗುಡುಗುಡು ಎನ್ನುತ್ತಿದ್ದಂತೆ ಮಾವ ಬಿಳಿ ಪಂಚೆಯನ್ನು ಗೋಡೆಗೆ ಬಿಗಿದು ಇವುಗಳಲ್ಲೊಂದನ್ನು ತೋರಿಸುತ್ತಿದ್ದರು. ಪಂಚೆ ನಮ್ಮಪ್ಪನದು.

ಮೂಕಿ ಚಿತ್ರದಲ್ಲಿ ಮಾತಿಲ್ಲ, ನಿಮಗೆ ಗೊತ್ತೇ ಇದೆ. ನಡುನಡುವೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತದೆ, ಯಾರು ಏನೆಂದರು, ಯಾಕೆ ಗುಂಡು ಹೊಡೆದರು ಎಂದು ಓದಿ ತಿಳಿಯಬೇಕು. ನಮಗೆಲ್ಲಿ ಇಂಗ್ಲಿಷ್? ಆದ್ದರಿಂದ ಮಾವ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಬಲಗೈಯಲ್ಲಿ ಕೋಲು, ಎಡಗಡೆ ಸೀಮೆಎಣ್ಣೆಯ ಖಾಲಿ ಡಬ್ಬ. ಕುದುರೆ ಓಡಿದರೆ ಡಬ್ಬದ ಮೇಲೆ ಬೆರಳು, ಗುಂಡು ಹಾರಿದರೆ ಕೋಲು. ಕೆಲವು ಸಲ ಹೊಗೆ ಬಂದು ಆರಿದ ಮೇಲೆ ಶಬ್ದ ಬರುತ್ತಿತ್ತು. ಬಂದೂಕು ಅಷ್ಟು ದೂರದ್ದು ಎಂದುಕೊಳ್ಳುತ್ತಿದ್ದೆವು.

ಎಲ್ಲ ಚಿತ್ರಗಳ ಕಥೆಯೂ ಹೆಚ್ಚುಕಡಿಮೆ ಒಂದೇ. ದೊಡ್ಡ ಬಯಲು. ಗಾಡಿಗಳ ಸಾಲು ಬರುತ್ತದೆ. ಗಾಡಿಯಲ್ಲಿ ಅಗಲ ಟೋಪಿಯವರು. ಗುಡ್ಡದ ಮೇಲೆ ತಲೆಗೆ ಗರಿ ಕಟ್ಟಿಕೊಂಡವರು ಕುದುರೆಯ ಮೇಲೆ ನಿಂತು ನೋಡುತ್ತಾರೆ. ಆಮೇಲೆ ಯುದ್ಧ. ಟೋಪಿಯವರದು ಬಂದೂಕು, ಗರಿಯವರದು ಬಿಲ್ಲುಬಾಣ. ಇಲ್ಲಿ ಯಾರು ಒಳ್ಳೆಯವರು ಎಂದು ಕೇಳಬೇಕಾದ ಅಗತ್ಯವೇ ನಮಗೆ ಬೀಳಲಿಲ್ಲ. ತಲೆಯ ಮೇಲೆ ಅಷ್ಟು ದೊಡ್ಡ ಕಿರೀಟ ಇಟ್ಟುಕೊಂಡವನು ರಾಜನಲ್ಲದೆ ಮತ್ತಾರು? ಬಯಲಾಟದಲ್ಲಿ ನೋಡಿಲ್ಲವೇ? ಬಿಲ್ಲು ಹಿಡಿದವನು ರಾಮನ ಕಡೆಯವನೋ ಅರ್ಜುನನ ಕಡೆಯವನೋ ಆಗಿರಲೇಬೇಕು. ಇನ್ನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಕುದುರೆ ಓಡಿಸುವ ಟೋಪಿಯವನಂತೂ ಕಂಡ ಕೂಡಲೇ ಕಳ್ಳ. ಮಾವನೂ ಹಾಗೇ ಹೇಳುತ್ತಿದ್ದರು. ಗರಿಯವರೆಲ್ಲ ರಾಜರು, ಟೋಪಿಯವರು ಹೇಳದೆ ಕೇಳದೆ ಬಂದು ಊರು ಕಸಿಯುವ ದರೋಡೆಕೋರರು.

ಒಂದು ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗರಿಯವರ ದೊರೆ ಕುದುರೆಯಿಂದಿಳಿದು, ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಟೋಪಿಯವರ ಕಡೆಗೆ ಚಾಚುತ್ತಾನೆ. ಬಾಯಿ ಅಲ್ಲಾಡುತ್ತದೆ. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು. ಮಾವ ಡಬ್ಬ ಕೆಳಗಿಟ್ಟು, ಗಂಟಲು ಗದ್ಗದ ಮಾಡಿಕೊಂಡು, “ತಾಯೀ, ನಿನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಅಂತಿದಾನೆ ರಾಜ” ಎನ್ನುತ್ತಿದ್ದರು. ನಾವು ಹುಡುಗರು ಮೂಗು ಎಳೆದುಕೊಳ್ಳುತ್ತಿದ್ದೆವು. ಮುಂದಿನ ಕುರ್ಚಿಗಳಲ್ಲಿ ಕೂತ ಆಫೀಸರುಗಳು ನಗುತ್ತಿದ್ದರು, ಯಾಕೆ ಎಂದು ತಿಳಿಯುತ್ತಿರಲಿಲ್ಲ.

ಯುದ್ಧ ಬಿಸಿಯೇರಿ, ಗಾಡಿಗಳು ಸುತ್ತು ಕಟ್ಟಿ, ರಾಜರು ಇನ್ನೇನು ಗೆದ್ದರು ಎನ್ನುವಷ್ಟರಲ್ಲಿ ಮಾವ ದೀಪ ಹಾಕಿಬಿಡುತ್ತಿದ್ದರು. ಉಳಿದ ರೀಲು ಮೈಸೂರಿಂದ ಬರಬೇಕಂತೆ. ಎರಡು ವರ್ಷ ಬರಲಿಲ್ಲ. ಬರದಿದ್ದರೇನು, ರಾಜರೇ ಗೆದ್ದಿರುತ್ತಾರಲ್ಲ ಎಂದು ನಾವು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆವು. ನನ್ನ ಎದ್ದುಹೋಗುವ ಚಟದ ಮೂಲ ಇದು.

ಇಷ್ಟನ್ನೂ ಇಳಾಗೆ ಹೇಳಿದೆ. ಅವಳು ಕಾಫಿಯ ವಾಸನೆಗೆ ಮೂಗು ಮುರಿಯುತ್ತಲೇ ಎಲ್ಲ ಕೇಳಿ, ನಿನ್ನ ಅಂಕಲ್ ಕೂಲ್ ಎಂದು ಸರ್ಟಿಫಿಕೇಟು ಕೊಟ್ಟಳು. ಆ ಕಾಲಕ್ಕೇ ನೆಲ ಕಳೆದುಕೊಂಡ ಮೂಲ ಜನರ ಪರವಾಗಿ ಯೋಚಿಸಿದ ಮೇಷ್ಟ್ರು! ನನಗೂ ಎದೆ ಉಬ್ಬಿತು. ನಿಜ ಹೇಳಬೇಕೆಂದರೆ ಈ ಕಥೆಯಿಂದ ಎದೆ ಉಬ್ಬಿಸಿಕೊಂಡದ್ದು ಅದೇ ಮೊದಲಲ್ಲ.

ನಾನು ಭೂವಿಜ್ಞಾನಿ. ಪಶ್ಚಿಮ ಆಸ್ಟ್ರೇಲಿಯಾದ ಕೆಂಪು ನೆಲದಲ್ಲಿ ಎಲ್ಲಿ ಕೊರೆದರೆ ಅದಿರು ಸಿಗುತ್ತದೆ ಎಂದು ಹೇಳುವುದು ನನ್ನ ಕೆಲಸ. ಎರಡು ವಾರ ಅಲ್ಲಿ, ಒಂದು ವಾರ ಮನೆ. ಕೊರೆಯುವ ಮುಂಚೆ ಆ ನೆಲದ ಮೂಲ ಜನರ ಹಿರಿಯರ ಜೊತೆ ಮಾತಾಡಬೇಕು, ಯಾವ ಹಳ್ಳ, ಯಾವ ಬಂಡೆ ಮುಟ್ಟಬಾರದು ಎಂದು ಕೇಳಬೇಕು. ಹಾಗೆ ಪರಿಚಯವಾದವರು ರೂಬಿ ಎಂಬ ಹೆಂಗಸು, ಎಪ್ಪತ್ತು ದಾಟಿದವರು. ನಮ್ಮ ಕಡೆಯ ರೂಢಿಯಂತೆ ಮೊದಲ ದಿನವೇ ಆಂಟಿ ಎಂದುಬಿಟ್ಟೆ. ಅವರಲ್ಲೂ ಹಿರಿಯರನ್ನು ಹಾಗೇ ಕರೆಯುವುದಂತೆ. ಮ್ಯಾನೇಜರು ನನ್ನನ್ನು ಬಹಳ ತಯಾರಿ ಮಾಡಿಕೊಂಡು ಬಂದವನು ಎಂದುಕೊಂಡರು.

ಆ ಮೊದಲ ಸಭೆಯಲ್ಲಿ ಎಲ್ಲರೂ ಬಿಗಿದುಕೊಂಡು ಕೂತಿದ್ದಾಗ ನಾನು ಏನೋ ಮಾತಾಡಬೇಕೆಂದು ಅಚ್ಚು ಮಾವನ ಕಥೆ ಹೇಳಿದೆ. ಗರಿಯವರು ರಾಜರೆಂದು ನಂಬಿ ಬೆಳೆದವನು ನಾನು ಎಂದೆ. ಆಂಟಿ ರೂಬಿ ತೊಡೆ ತಟ್ಟಿಕೊಂಡು ನಕ್ಕರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ರಾಜರ ಪಕ್ಷದವನು ಬಂದ ಎನ್ನುತ್ತಿದ್ದರು. ನಮ್ಮ ಮ್ಯಾನೇಜರು ಬುದ್ಧಿವಂತರು, ಆಮೇಲಿನ ಸಭೆಗಳಲ್ಲೆಲ್ಲ ಮೊದಲು ನನ್ನ ಕಡೆ ತಿರುಗಿ ಆ ಕಥೆ ಹೇಳು ಎನ್ನತೊಡಗಿದರು. ನಾನೂ ಹೇಳುತ್ತಿದ್ದೆ. ಕಥೆ ಮುಗಿದ ಮೇಲೆ ನಕ್ಷೆ ಬಿಚ್ಚುವುದು ಸುಲಭವಾಗುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ಇಳಾ ಕೇಳಿದ ತಿಂಗಳಿಗೇ ಬ್ರಿಸ್ಬೇನಿನಲ್ಲಿರುವ ತಮ್ಮ ಮಧು ಫೋನ್ ಮಾಡಿದ. ಅವನು ಅಲ್ಲಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಮಾಡಲು ಕೆಲಸವಿಲ್ಲದಾಗ ಇಂಟರ್ನೆಟ್ಟಿನಲ್ಲಿ ಬಾಲ್ಯವನ್ನು ಹುಡುಕುತ್ತಾನೆ. ನೂರು ವರ್ಷದ ಹಿಂದಿನ ಮೂಕಿ ಚಿತ್ರಗಳನ್ನೆಲ್ಲ ಯಾರೋ ಪುಣ್ಯಾತ್ಮರು ಹಾಕಿದ್ದಾರೆ, ಮಣ್ಣು ಹಿಡಿಯುವ ರಾಜ ಅದರಲ್ಲಿ ಇದ್ದೇ ಇರುತ್ತಾನೆ, ಬಾ, ಕೂತು ಹುಡುಕೋಣ ಎಂದ. ಸ್ಕೂಲ್ ರಜೆಗೆ ಹೇಗೂ ಹೋಗುವುದಿತ್ತು, ಎಲ್ಲರೂ ಹೋದೆವು. ಮಧ್ಯಾಹ್ನ ಅವನ ಹಿತ್ತಲಿನ ಬಾರ್ಬೆಕ್ಯೂ ಒಲೆಯ ಮೇಲೆ ಪನೀರು ಸುಡುತ್ತಿರಲು ನಾವು ಒಳಗೆ ಕರ್ಟನ್ ಎಳೆದುಕೊಂಡು ಒಂದಾದ ಮೇಲೊಂದು ಚಿತ್ರ ನೋಡಿದೆವು. ಎಲ್ಲದರಲ್ಲೂ ಅದೇ ಬಯಲು, ಅದೇ ಗಾಡಿ. ಐದನೆಯದರಲ್ಲಿ ಅವನು ಸಿಕ್ಕಿದ. ಕುದುರೆಯಿಂದಿಳಿದ. ಬಗ್ಗಿದ. ಹಿಡಿ ಮಣ್ಣು ಎತ್ತಿದ.

ನಾನು, ಮಧು ಇಬ್ಬರೂ ಒಟ್ಟಿಗೇ ತಾಯೀ ಎಂದೆವು. ಕಪ್ಪು ಪರದೆ ಬಂತು. ಇಳಾ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿದಳು. ಇದೇ ಮಣ್ಣಿನಲ್ಲಿ ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹೂಳುತ್ತೇನೆ, ಎಂದು ಬರೆದಿತ್ತು.

ನಾನು ಇಂಗು ತಿಂದ ಮಂಗನ ಹಾಗೆ ಕೂತೆ. ಆಮೇಲಿನದು ಇನ್ನೂ ಕೆಟ್ಟದಿತ್ತು. ಒಂದೊಂದು ಪರದೆಯೂ ಗರಿಯವರನ್ನು ಕಾಡುಮೃಗಗಳೆಂದು ಕರೆಯುತ್ತಿತ್ತು. ಟೋಪಿಯವರು ಪಾಪ, ಬೇಸಾಯ ಮಾಡಿಕೊಳ್ಳಲು ಬಂದ ಬಡಪಾಯಿಗಳು. ಸಮೀಪದಿಂದ ತೋರಿಸಿದಾಗ ರಾಜನ ಕುತ್ತಿಗೆಯಲ್ಲಿ ಬೆವರಿಗೆ ಬಣ್ಣ ಕರಗಿ ಬಿಳಿ ಚರ್ಮ ಕಾಣುತ್ತಿತ್ತು. ನಾನು ಅತ್ತಿದ್ದು ಬಣ್ಣ ಬಳಿದುಕೊಂಡ ಯಾವನೋ ಬಿಳಿಯನಿಗಾಗಿ. ಇಷ್ಟು ವರ್ಷ ನೋಡದಿದ್ದ ಕೊನೆಯ ಹತ್ತು ನಿಮಿಷವನ್ನೂ ಅಂದು ನೋಡಿದೆ. ಕಹಳೆ ಊದುತ್ತಾ ಸೈನಿಕರು ಬರುತ್ತಾರೆ, ಗರಿಯವರನ್ನು ಒಬ್ಬರನ್ನೂ ಬಿಡದೆ ಕೊಲ್ಲುತ್ತಾರೆ, ಟೋಪಿಯ ಹುಡುಗನೂ ಒಂದು ಹುಡುಗಿಯೂ ಕೈ ಹಿಡಿದು ನಿಲ್ಲುತ್ತಾರೆ. ಶುಭಂ. ತೀರಾ ಮೊದಲ ದಿನಗಳಲ್ಲಿ ಆ ಜನರೇ ನಟಿಸಿ ತಮ್ಮ ಕಡೆಯಿಂದ ಕಥೆ ಹೇಳಿದ ಚಿತ್ರಗಳೂ ಇದ್ದವಂತೆ, ಇಳಾ ಫೋನಿನಲ್ಲಿ ಹುಡುಕಿ ಸಮಾಧಾನಕ್ಕೆಂದು ಹೇಳಿದಳು. ನಮ್ಮ ರಾಜ ಅಂಥದರಲ್ಲಿ ಇರಲಿಲ್ಲ.

ಮಧುವಿಗೂ ನನಗೂ ಜಗಳ ಹತ್ತಿತು. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಮ್ಮ ಹಾಗೇ ಕಿರೀಟ ನೋಡಿ ಮೋಸ ಹೋಗಿ ಬಾಯಿಗೆ ಬಂದದ್ದು ಹೇಳಿದ್ದಾರೆ ಎಂದು ಅವನ ವಾದ. ಮಾವ ಇಂಗ್ಲಿಷ್ ಪೇಪರ್ ಓದುತ್ತಿದ್ದರು ಎಂದು ನನ್ನ ವಾದ. ಹಾಗಾದರೆ ಗೊತ್ತಿದ್ದೂ ಸುಳ್ಳು ಹೇಳಿದರೋ? ಯಾಕೆ? ಅವರು ಗೊತ್ತಿಲ್ಲದೆ ಹೇಳಿದ್ದರೆ ನನ್ನ ಹೆಮ್ಮೆಯ ಕಥೆ ಬರೀ ಪೆದ್ದುತನ. ಗೊತ್ತಿದ್ದು ಹೇಳಿದ್ದರೆ ಅದು ಏನೋ ನನಗೆ ಗೊತ್ತಾಗಲಿಲ್ಲ. ಮುಂದಿನ ತಿಂಗಳು ಒಂದು ಹಳ್ಳದ ಮೇಲೆ ಹಾದುಹೋಗುವ ಹೊಸ ಕೊರೆತದ ಬಗ್ಗೆ ಆಂಟಿ ರೂಬಿಯವರ ಜೊತೆ ದೊಡ್ಡ ಸಭೆ ಇತ್ತು. ಮ್ಯಾನೇಜರು ಆ ಕಥೆಯಿಂದಲೇ ಶುರುಮಾಡು ಎಂದು ಆಗಲೇ ಬರೆದಿದ್ದರು. ಅಲ್ಲಿ ನಿಂತು ನಾನು ಏನು ಹೇಳಲಿ? ಯಾರ ಪಕ್ಷದವನು ನಾನು? ಊಟ ಸೇರಲಿಲ್ಲ. ಪನೀರು ಸೀದದ್ದೂ ಒಂದು ಕಾರಣ.

ಅದೃಷ್ಟಕ್ಕೆ ಮಾವ ಆಗ ಆಸ್ಟ್ರೇಲಿಯಾದಲ್ಲೇ ಇದ್ದರು. ಅಡಿಲೇಡಿನ ಮಾಡ್ಬರಿಯಲ್ಲಿ ಅವರ ಮಗಳು ವೀಣಾಳ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದವರು ಮರುವಾರ ಹೊರಡುವವರಿದ್ದರು. ನಾನು ಹೆಂಡತಿ ಮಗಳನ್ನು ಪರ್ತಿಗೆ ಕಳಿಸಿ ಒಬ್ಬನೇ ಅಡಿಲೇಡಿನ ವಿಮಾನ ಹತ್ತಿದೆ. ಸಿನಿಮಾದ ವಿಷಯ ಮಾತಾಡಲು ಎಂದಾಗ ನನ್ನವಳು ಹಣೆ ಮುಟ್ಟಿ ನೋಡಿದಳು.

ಮಾವ ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿದ್ದರು. ದಿನಾ ಬೆಳಿಗ್ಗೆ ಅಲ್ಲಿ ಹೋಗಿ, ಏನೂ ಕೊಳ್ಳದೆ, ಬೆಂಚಿನ ಮೇಲೆ ಕೂತು ಜನರನ್ನು ನೋಡುವುದು ಅವರ ದಿನಚರಿ. ಅರವತ್ತೇಳು ವರ್ಷಕ್ಕೆ ಬೆನ್ನು ಸ್ವಲ್ಪ ಬಾಗಿತ್ತು, ಗಂಟಲು ಹಾಗೇ ಇತ್ತು. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಆ ಮಣ್ಣಿನ ದೃಶ್ಯ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಕಪ್ಪು ಪರದೆ ಬಂದಾಗ ತುಟಿ ಅಲುಗಿತು, ಸಲೀಸಾಗಿ ಓದಿಕೊಂಡರು.

“ನಿಮಗೆ ಆಗ್ಲೂ ಓದಕ್ಕೆ ಬರ್ತಿತ್ತಲ್ಲ ಮಾವ?” ಎಂದೆ.

“ಬರ್ದೆ ಏನು? ಬಿ.ಎ. ಮಾಡಿದೀನಲ್ಲೋ.”

ಆಮೇಲೆ ಅವರು ಹೇಳಿದ್ದನ್ನು ಅವರ ಹಾಗೆ ಹೇಳಲು ನನಗೆ ಬರುವುದಿಲ್ಲ. ಕ್ಲಬ್ಬಿನ ಹಾಲಿನಲ್ಲಿ ಮುಂದೆ ಆಫೀಸರ ಕುರ್ಚಿಗಳು, ಹಿಂದೆ ಜಮಖಾನದ ಮೇಲೆ ಕಾಲೋನಿ ಮಕ್ಕಳಾದ ನಾವು, ಬಾಗಿಲ ಬಳಿ ಬರೀ ನೆಲದ ಮೇಲೆ ಹಾಸ್ಟೆಲ್ ಮಕ್ಕಳು. ಹಾಸ್ಟೆಲ್ ಮಕ್ಕಳೆಂದರೆ ಕಾಡಿನ ಹಾಡಿಗಳವರು, ಜೇನು ಕೀಳುವವರ, ಗೆಡ್ಡೆ ಅಗೆಯುವವರ ಮಕ್ಕಳು. ನೀರು ನಿಂತ ಮೇಲೆ ಆ ಹಾಡಿಗಳು ಮುಳುಗಬೇಕಿತ್ತು. ಮೊಟ್ಟಮೊದಲ ಶನಿವಾರ ಮಾವ ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದರಂತೆ. ಅಂದು ನಾನೂ ಮಧುವೂ ಇರಲಿಲ್ಲ, ಮಂಗನಬಾವು ಬಂದು ಮಲಗಿದ್ದೆವು. ಇವರು ಕಾಡುಜನ, ಇವರನ್ನು ತೆಗೆದರೇನೇ ಈ ನೆಲದಲ್ಲಿ ಬೆಳೆ ಬರುವುದು ಎಂದು ಮಾವ ಹೇಳುತ್ತಿದ್ದಾಗ ಬಾಗಿಲ ಬಳಿಯಿಂದ ಒಂದು ಹುಡುಗಿ ಎದ್ದು ನಿಂತು, “ಸಾರ್, ಅವರ ಹಾಡೀನೂ ಮುಳುಗ್ತದಾ?” ಎಂದು ಕೇಳಿತಂತೆ.

“ಕುರ್ಚಿಯವರೆಲ್ಲ ನಕ್ಕುಬಿಟ್ರು,” ಎಂದರು ಮಾವ. “ನಿಮ್ಮಪ್ಪನೂ ನಕ್ಕ. ನಿಮ್ಮಪ್ಪ ಕೆಟ್ಟವನಲ್ಲ ಕಣೋ. ಆದ್ರೆ ಎಲ್ಲೀವರೆಗೆ ನೀರು ಬರತ್ತೆ ಅಂತ ಮರಕ್ಕೆ ಬಿಳೀ ಬಣ್ಣ ಹೊಡೆಸ್ತಿದ್ದೋನು ಅವನೇ. ಆ ಮಗೂಗೂ ಅದು ಗೊತ್ತಿತ್ತು.”

ಮುಂದಿನ ಶನಿವಾರದಿಂದ ಮಾವ ಕಥೆ ತಿರುಗಿಸಿದರು. ಕೊನೆಯನ್ನು ತೋರಿಸುವುದು ನಿಲ್ಲಿಸಿದರು. ಆಫೀಸರುಗಳು ಅದನ್ನು ಮೇಷ್ಟ್ರ ತಮಾಷೆ ಎಂದುಕೊಂಡು ನಗುತ್ತಾ ನೋಡಿದರು. ತಮಾಷೆ ಅಲ್ಲ ಎಂದು ಹೇಳುವ ಧೈರ್ಯ ತನಗೂ ಇರಲಿಲ್ಲ, ಅಕ್ಕನ ಮನೆಯ ಅನ್ನ, ಭಾವ ಕೊಡಿಸಿದ ಕೆಲಸ ಎಂದರು ಮಾವ. ಮರ ಕೊಡಲಿ ಹೊಡೆಯುವವನಿಗೂ ನೆರಳು ಕೊಡುತ್ತದೆ ಎಂದು ನಾನೇನೋ ಸಮಾಧಾನದ ಮಾತು ಶುರುಮಾಡಿದೆ, ಇಲ್ಲಿಗೆ ಅದು ಹೊಂದುವುದಿಲ್ಲವೆಂದು ನನಗೇ ಅನ್ನಿಸಿ ಅರ್ಧಕ್ಕೇ ನಿಲ್ಲಿಸಿದೆ. ಎದುರಿಗೆ ಒಬ್ಬಾಕೆ ಅಳುವ ಮಗುವಿಗೆ ಬಲೂನು ಕೊಡಿಸುತ್ತಿದ್ದಳು. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಮಾವನದು ಪೆದ್ದುತನವಲ್ಲ, ಕರುಣೆ. ನನ್ನ ಕಥೆ ಮೊದಲಿಗಿಂತ ಚೆಂದವಾಗಿತ್ತು. ಆ ಹುಡುಗಿಗೆ ಖುಷಿಯಾಗಿರಬೇಕಲ್ಲ, ರಾಜರ ಕಥೆ ನಂಬಿದಳಾ ಎಂದು ಕೇಳಿದೆ.

“ಅವಳೆಲ್ಲಿ ನಂಬ್ತಾಳೋ? ಎರಡನೇ ಶನಿವಾರ ಪೂರ್ತಿ ಕೂತ್ಕೊಂಡು ನನ್ನ ಮುಖಾನೇ ನೋಡಿದ್ಲು. ಮೂರನೇ ಶನಿವಾರ ಬರ್ಲಿಲ್ಲ. ಹಾಸ್ಟೆಲ್ ಮಕ್ಕಳು ಯಾರೂ ನಂಬ್ಲಿಲ್ಲ. ನಂಬಿದೋರು ನೀವು.”

ಅಷ್ಟು ಹೇಳಿ ಅವರು ಎದ್ದರು, ವೀಣಾ ಊಟಕ್ಕೆ ಕಾಯುತ್ತಾಳೆ ಎಂದು. ದಾರಿಯುದ್ದಕ್ಕೂ ಇಲ್ಲಿನ ಬದನೆಕಾಯಿ ಬೇಯುವುದೇ ಇಲ್ಲ ಎಂದು ದೂರಿದರು. ನನ್ನ ತಲೆಯಲ್ಲಿ ಯಾವುದೂ ಒಂದು ಕಡೆ ನಿಲ್ಲಲಿಲ್ಲ. ಕ್ಲಬ್ಬಿನ ಬಾಗಿಲ ಬಳಿ ಕೂತವರು ತಮ್ಮದೇ ಕಥೆ ನೋಡುತ್ತಿದ್ದರು. ಈ ಕಡೆ ಜಮಖಾನದ ಮೇಲೆ ಕೂತ ನಾನು ರಾಜರಿಗಾಗಿ ಅತ್ತು, ಮನೆಗೆ ಹೋಗಿ ಬಿಳಿ ಬಣ್ಣದ ಕೈಯ ಅಪ್ಪನ ಪಕ್ಕ ಊಟಕ್ಕೆ ಕೂರುತ್ತಿದ್ದೆ. ಅಪ್ಪನ ಕೈಯ ಬಣ್ಣ ನನಗೆ ನೆನಪೂ ಇದೆ. ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದರು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಅವರ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ದುಃಖ ಬಂತು.

ಸಭೆ ಪರ್ತ್ ಆಫೀಸಿನ ನಾಲ್ಕನೇ ಮಹಡಿಯಲ್ಲಿತ್ತು. ಆಂಟಿ ರೂಬಿ, ಅವರ ಕಡೆಯ ಮೂವರು, ನಮ್ಮ ಕಡೆಯ ನಾಲ್ವರು. ಮೇಜಿನ ಮೇಲೆ ಸುತ್ತಿಟ್ಟ ನಕ್ಷೆ, ಅದರೊಳಗೆ ಹಳ್ಳ. ಆಂಟಿ ಎಂದಿನಂತೆ ರಾಜರ ಪಕ್ಷದವನು ಬಂದ ಎಂದು ನಕ್ಕರು. ಮ್ಯಾನೇಜರು ಕಥೆ ಹೇಳು ಎನ್ನುವಂತೆ ನನ್ನ ಕಡೆ ತಲೆಯಾಡಿಸಿದರು.

ನಾನು ಹೇಳಿದೆ, ಈ ಸಲ ಪೂರ್ತಿ. ಕಪ್ಪು ಪರದೆಯ ಮೇಲೆ ಏನಿತ್ತು, ಮಾವ ಯಾಕೆ ತಿರುಗಿಸಿದರು, ಯಾರು ನಕ್ಕರು, ಅಪ್ಪನ ಬಿಳಿ ಬಣ್ಣ, ನಂಬದೆ ಹೋದ ಹುಡುಗಿ, ಎಲ್ಲ. ನೀವು ನಕ್ಕ ಕಥೆಯನ್ನು ನಾನು ನಕ್ಷೆ ಬಿಚ್ಚುವುದಕ್ಕೆ ಬಳಸಿಕೊಂಡೆ ಎಂದೂ ಹೇಳಿದೆ. ಮ್ಯಾನೇಜರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. ಹೇಳಿ ಮುಗಿಸಿದಾಗ ನನಗೆ, ಇಷ್ಟು ಪ್ರಾಮಾಣಿಕನಾದೆನಲ್ಲ ಎಂದು ಮನಸ್ಸು ಹಗುರವೂ ಆಯಿತು.

ಆಂಟಿ ರೂಬಿ ನಗಲಿಲ್ಲ, ಕೋಪವನ್ನೂ ತೋರಿಸಲಿಲ್ಲ. ಆ ಹುಡುಗಿಯ ಹೆಸರೇನು ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

ನೀರು ನಿಂತ ಮೇಲೆ ಅವಳು, ಅವಳ ಮನೆಯವರು ಎಲ್ಲಿಗೆ ಹೋದರು ಎಂದು ಕೇಳಿದರು. ಇನ್ನೂ ಹೇಳುವುದಿದೆ ಎಂದೇ ಅವರು ತಿಳಿದಿದ್ದರು, ಮೇಜಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಾ ಕೂತರು. ಬ್ರಿಸ್ಬೇನಿಗೆ ಹೋಗಿದ್ದೆ, ಅಡಿಲೇಡಿಗೆ ಹೋಗಿದ್ದೆ. ಮಾವನ ಪಕ್ಕ ಒಂದು ಇಡೀ ಬೆಳಿಗ್ಗೆ ಕೂತು, ಅವರಿಗೆ ಗೊತ್ತಿತ್ತೇ, ಅವಳು ನಂಬಿದಳೇ, ನಾನು ಯಾರ ಪಕ್ಷ ಎಂದೆಲ್ಲ ತಿಳಿದುಕೊಂಡು ಬಂದಿದ್ದೆ. ಅದೊಂದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.